ತಟ್ಟೆಯ ಮೇಲೆ ನಿಂತ ಹನಿ

ಎಲ್ಲಕ್ಕೂ ಮೂಲ, ಚಿಕ್ಕಬೋರಮ್ಮ ಬೆಳಿಗ್ಗೆ ಗಂಡನ ತಲೆಗೆ ತಟ್ಟಿದ ಹರಳೆಣ್ಣೆ.

“ಸಾಹೇಬ್ರು ಬರೋ ದಿನ, ಕೆಲ್ಸ ಕಾಯಂ ಆದ್ರೂ ಆದಾತು. ತಲೆ ತಣ್ಣಗಿರ್ಲಿ,” ಎಂದು ಬಟ್ಟಲನ್ನೇ ಬರಿದು ಮಾಡಿದ್ದಳು.

ಕೆಂಪಸಿದ್ದಯ್ಯ ಮಂಡ್ಯದ ನೀರು ಪರೀಕ್ಷಾಲಯದಲ್ಲಿ, ನೀರಿನ ಮಾದರಿ ಹಾಕಿ ನೋಡುವ ಪುಟ್ಟ ಪ್ಲಾಸ್ಟಿಕ್ ತಟ್ಟೆ ತೊಳೆಯುವ ದಿನಗೂಲಿ. ಒಮ್ಮೆ ಬಳಸಿ ಎಸೆಯಬೇಕೆಂದು ಡಬ್ಬದ ಮೇಲೆ ಅಚ್ಚಾಗಿತ್ತು. ಆದರೆ ಪ್ಲಾಸ್ಟಿಕ್ ಎಸೆಯುವಷ್ಟು ಸೊಕ್ಕು ಊರಲ್ಲಿ ಯಾರಿಗೂ ಇರಲಿಲ್ಲ. ಕುದಿಸಿದರೆ ತಟ್ಟೆಗಳು ಹಪ್ಪಳದಂತೆ ಸೊಟ್ಟಗಾಗುತ್ತಿದ್ದವು. ಅದಕ್ಕೇ ಕೈಬೆರಳ ಚರ್ಮ ಸುಲಿಯುವವರೆಗೆ ಸೋಪಿನಲ್ಲಿ ಉಜ್ಜುತ್ತಿದ್ದ.

ಅಂದು ಬೆಂಗಳೂರಿನ ಸಾಹೇಬರು ಪಾರ್ಥಸಾರಥಿ ಬಂದಿದ್ದರು. ಅವರಿಗೆ ತೋರಿಸಲು ಕಾಲೇಜಿನ ಲೆಕ್ಚರರ್ ಸಂಪತ್ ಕುಮಾರ ಗಾಜಿನ ಗಡಿಗೆಯೊಂದನ್ನು ಹೂಡಿ, ಒಳಗೆ ತಟ್ಟೆಗಳನ್ನಿಟ್ಟಿದ್ದ. ಅದರೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು ಕರೆಂಟು ಹಾಯಿಸಿದರೆ, ಉಳಿದ ಚೂರು ಗಾಳಿ ನೇರಳೆಯಾಗಿ ಹೊಳೆಯುತ್ತಿತ್ತು.

“ಇದೇ ಪ್ಲಾಸ್ಮಾ ಸರ್. ತಟ್ಟೆ ಬಿಸಿಯಾಗದೆ ಕೊಳೆ ಹೋಗುತ್ತೆ.”

ಗುಮಾಸ್ತೆ ಚಲುವರಾಜು ಕಿವಿಯಲ್ಲಿ ಉಸುರಿದ: “ಲೇ ಸಿದ್ದ, ಮಿಷನ್ನೇ ತೊಳದ್ರೆ ನಿನ್ನ ಯಾಕ್ಲಾ ಇಟ್ಕತ್ತಾರೆ?”

ಕಸ ಗುಡಿಸುವ ಬೆಟ್ಟಮ್ಮ ಪೊರಕೆ ಊರಿ ನಿಂತಳು. “ನಮ್ಮೂರು ಕೊತ್ತತ್ತೀಲಿ ಬತ್ತ ಕುಟ್ಕಂಡಿದ್ದೆ ಕಣಪ್ಪ. ಮಿಲ್ಲು ಬಂತು. ನೋಡು, ಇಲ್ಲಿ ಗುಡುಸ್ತಾ ಇವ್ನಿ.”

ಕರೆಂಟು ಪದೇ ಪದೇ ಹೋಯಿತು. ಹೋದಾಗಲೆಲ್ಲ ಕೆಂಪಸಿದ್ದಯ್ಯ ಮನೆದೇವರಿಗೆ ಕೈ ಮುಗಿದ. ದೇವರು ಮತ್ತೆ ಮತ್ತೆ ಕರೆಂಟು ಕೊಟ್ಟ.

“ಕೊಳೆಯಿದ್ರೆ ನೀರಿನ ಹನಿ ಗುಂಡಗೆ ನಿಲ್ಲುತ್ತೆ, ಶುದ್ಧವಾಗಿದ್ರೆ ಹರಡುತ್ತೆ,” ಎಂದ ಲೆಕ್ಚರರ್. “ಸಿದ್ದಯ್ಯ, ತಟ್ಟೆ ತೆಗೆದು ಮೇಜಿನ ಮೇಲಿಡು.” ಎಲ್ಲರೂ ಪಕ್ಕದ ಕೋಣೆಗೆ ವಡೆ ತಿನ್ನಲು ಹೋದರು.

ಕೆಂಪಸಿದ್ದಯ್ಯ ಬಾಗಿಲ ಕಡೆ ನೋಡಿದ. ಬೆರಳನ್ನು ಕೂದಲಿಗೆ ತೂರಿಸಿ, ಒಂದೊಂದೇ ತಟ್ಟೆಗೆ ಸವರಿದ.

ಸಾಹೇಬರು ಬಂದು ಹನಿ ಬಿಟ್ಟರು. ಅದು ಜಗಲಿ ಮೇಲೆ ಕೂತ ಪಟೇಲನಂತೆ ಕದಲಲಿಲ್ಲ. ಇನ್ನೊಂದಕ್ಕೆ ಬಿಟ್ಟರು. ಅಲ್ಲೂ ಪಟೇಲನೇ.

ಸಂಪತ್ ಕುಮಾರನ ಮುಖ ಬೂದಿಯಾಯಿತು. ಸಾಹೇಬರು ಚೀಲದಿಂದ ಕಾಗದವೊಂದನ್ನು ತೆಗೆದು ನಾಲ್ಕು ಚೂರು ಮಾಡಿದರು.

“ಈ ಮಿಷನ್ ನೋಡ್ಕೊಳ್ಳೋಕೆ ಈ ಸಿದ್ದಯ್ಯನನ್ನೇ ಕಾಯಂ ಮಾಡೋಣ ಅಂತ ಆರ್ಡರ್ ತಂದಿದ್ದೆ ಕಣ್ರೀ. ದಂಡವಾಯ್ತು.”

ಕೆಂಪಸಿದ್ದಯ್ಯ ಮುಂದೆ ಬಂದು ಕೈ ಮುಗಿದ. “ಸ್ವಾಮಿ, ನಾನು ಮೊದ್ಲಿನಂಗೇ ಕೈಲಿ ತೊಳ್ಕಂಡು...”

“ಮಿಷನ್ನಿಗೇ ಹೋಗದ ಕೊಳೆ ನಿನ್ನ ಕೈಗೆ ಹೋಗುತ್ತೇನಯ್ಯ? ಇಷ್ಟು ದಿನ ಕೊಟ್ಟ ವರದಿಗಳ ಗತಿ ದೇವರಿಗೇ ಗೊತ್ತು. ನಾಳೆಯಿಂದ ಹೊಸ ತಟ್ಟೆ. ಬಳಸೋದು, ಎಸೆಯೋದು. ತೊಳೆಯೋ ಕೆಲಸವೇ ಬೇಡ.”

“ಸ್ವಾಮಿ, ಅದು ಕೊಳೆಯಲ್ಲ, ಎಣ್ಣೆ...” ಎನ್ನುವಷ್ಟರಲ್ಲಿ ಚಲುವರಾಜು ಅವನ ಕಾಲು ತುಳಿದು ಪಿಸುಗುಟ್ಟಿದ.

“ಬಾಯಿ ಮುಚ್ಲಾ! ಜೈಲಿಗೋಯ್ತೀಯ.”

ಹಳೆಯ ತಟ್ಟೆಗಳನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚುವುದು ಅವನ ಕಡೆಯ ಕೆಲಸವಾಯಿತು.

ಸಂಜೆ ಚಿಕ್ಕಬೋರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಏನಂದ್ರು ಸಾಹೇಬ್ರು?”

ಅವನು ಮಣ್ಣಾದ ಕೈಯನ್ನು ತಲೆಗೆ ಒರೆಸಿಕೊಂಡ.

“ಒಳ್ಳೆ ಎಣ್ಣೆ ಕಣಮ್ಮಿ.”