ಅಕ್ಕನ ಬಲಗಣ್ಣಿನಲ್ಲಿ ಬಿಡಾರ ಹೂಡಿದವರಿಗೆ

ಮಾನ್ಯ ಹರ್ಪಿಸ್ ವೈರಸ್ ಅವರೇ,

ಕಣ್ಣಿಗೆ ಕಾಣದಷ್ಟು ಸಣ್ಣವರಾಗಿದ್ದೂ ಕಣ್ಣನ್ನೇ ಹುಡುಕಿಕೊಂಡು ಬರುವ ದೊಡ್ಡ ಮನಸ್ಸಿನ ತಮಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು, ತಾವು ಹೊಕ್ಕ ಜೀವಕೋಶಗಳ ಚಿತ್ರ ತೆಗೆಯುವವನು. ಅಂದರೆ ತಮ್ಮ ಖಾಯಂ ಫೋಟೋಗ್ರಾಫರ್.

ಗಡಿಯಾರ ರಿಪೇರಿ ಮಾಡುವ ನನ್ನ ಅಕ್ಕ, ಬಲಗಣ್ಣು ಕೆಂಪಾದಾಗ ಧೂಳು ಬಿದ್ದಿರಬೇಕೆಂದು ತಣ್ಣೀರು ಎರಚಿಕೊಂಡು ಸುಮ್ಮನಾದಳು. ಉರಿ ಹೆಚ್ಚಿ, ದೀಪ ನೋಡಲಾಗದೆ ಅಂಗಡಿ ಮುಚ್ಚಿ ಬಂದಳು. ಕಣ್ಣಿನ ಡಾಕ್ಟರು ಬಣ್ಣದ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಕವಲೊಡೆದ ಕೊಂಬೆಯಂಥ ಹುಣ್ಣು ಕಂಡು ‘ಹರ್ಪಿಸ್’ ಎಂದು ತಮ್ಮ ಹೆಸರು ಹೇಳಿದರು. ಆಫೀಸಿನ ಪರಿಚಯಸ್ಥರು ಮನೆಗೇ ಬಂದರೆಂಬ ಸಂಭ್ರಮ ನನಗೆ!

ತಮ್ಮ ಅಚ್ಚುಕಟ್ಟನ್ನು ಹೊಗಳದಿರುವುದು ಹೇಗೆ? ಕೋಶಕೇಂದ್ರಕ್ಕೆ ಕಾಲಿಟ್ಟೊಡನೆ ಅಲ್ಲಿ ಕಾವಲಿರುವ ಪ್ರೋಟೀನುಗಳ ಗುಂಪನ್ನು ಚದುರಿಸುತ್ತೀರಿ. ಮನೆಯವರ ವರ್ಣತಂತುಗಳನ್ನು ಹಳೇ ಸಾಮಾನಿನಂತೆ ಗೋಡೆಗೆ ಒತ್ತರಿಸಿ, ನಡುಮನೆಯಲ್ಲಿ ಸ್ವಂತ ಕಾರ್ಖಾನೆ ತೆರೆಯುತ್ತೀರಿ. ಸಾಮಗ್ರಿ ಅವರದು, ಸಂತಾನ ಮಾತ್ರ ತಮ್ಮದು. ಹೊರಡುವಾಗ ಬಾಗಿಲು ಸಾಲದೆಂದು ಗೋಡೆಯ ಒಳಪದರವನ್ನೇ ಸಡಿಲಿಸುವ ಸೌಜನ್ಯ ಇನ್ನಾರಿಗಿದೆ?

ನಾನು ತೆಗೆದ ತಮ್ಮ ಚಿತ್ರಗಳನ್ನು ತೋರಿಸಿದಾಗ ಅಕ್ಕ ಎಡಗಣ್ಣಿನಿಂದ ನೋಡಿ, “ಲೋ, ಇವ್ನು ಥೇಟ್ ನಮ್ಮ ಚಿಕ್ಕಪ್ಪನ ಥರಾನೇ ಕಣೋ. ನಾಲ್ಕು ದಿನ ಇರ್ತೀನಿ ಅಂತ ಬಂದು ನಮ್ಮ ಮಂಚಾನೆಲ್ಲ ಗೋಡೆಗೆ ತಳ್ಳಿದ್ರಲ್ಲ!” ಎಂದು ನಕ್ಕಳು. ನಕ್ಕವಳೇ ಅತ್ತಳು. “ಸಣ್ಣ ಸ್ಕ್ರೂ ಕಾಣ್ದಿದ್ರೆ ನಾನು ಇನ್ನೇನು ಕೆಲ್ಸ ಮಾಡ್ಲೋ?”

ತಮ್ಮ ಸಂತಾನವೃದ್ಧಿಗೆ ಅಡ್ಡಗಾಲು ಹಾಕುವ ಮುಲಾಮು ವಾರಗಟ್ಟಲೆ ನಡೆದು ಹುಣ್ಣು ಮಾಗಿತು. ತಾವು ಪ್ರೀತಿಯಿಂದ ಬಿಟ್ಟುಹೋದ ಮಂಜು ಮಾತ್ರ ಆ ಕಣ್ಣಿನಲ್ಲಿ ಉಳಿಯಿತು. ಅಕ್ಕ ಭೂತಗನ್ನಡಿಯನ್ನು ಎಡಗಣ್ಣಿಗೆ ಸಿಕ್ಕಿಸಿಕೊಂಡು, ಗುಜರಿ ಗಡಿಯಾರಗಳನ್ನು ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಿ, ಕೊನೆಗೆ ಅಂಗಡಿ ತೆರೆದಳು. ವಿಚಾರಿಸಿದ ಗಿರಾಕಿಗೆ, “ಒಂದು ಕಣ್ಣು ಮುಚ್ಕೊಂಡೇ ಮಾಡೋ ಕೆಲ್ಸ ಇದು, ಯಾವ್ದಾದ್ರೇನು?” ಅಂದಳು.

ತಾವೀಗ ಅವಳ ಮುಖದ ನರದ ಬುಡದಲ್ಲಿ ವಿಶ್ರಮಿಸುತ್ತಿರುವಿರಿ. ಅಲ್ಲೇ ಗೊರಕೆ ಹೊಡೆಯುತ್ತ ಆಯುಷ್ಯ ಕಳೆಯಬೇಕೆಂದೂ, ಎದ್ದರೂ ಎಡಗಣ್ಣಿನ ವಿಳಾಸ ಕೇಳಬಾರದೆಂದೂ, ಇನ್ನು ಯಾರ ಕೋಶಕೇಂದ್ರಕ್ಕೆ ದಯಮಾಡಿಸಿದರೂ ಸಾಮಾನುಗಳನ್ನು ಮೊದಲಿದ್ದಲ್ಲೇ ಇಟ್ಟು ಹೊರಡಬೇಕೆಂದೂ ಕೈಮುಗಿದು ಕೋರುತ್ತೇನೆ.

ವಿಶ್ವಾಸವಿಡಲು ಕಾರಣವೇ ಇಲ್ಲದ,
ತಮ್ಮ ವಿಶ್ವಾಸಿ,
ಅಕ್ಕನ ತಮ್ಮ

ತಾ.ಕ.: ಬಹುಪಾಲು ಜನರ ಮೈಯಲ್ಲಿ ತಾವು ಆಗಲೇ ಮಲಗಿದ್ದೀರಂತೆ. ಆದ್ದರಿಂದ ಇದಕ್ಕೆ ಅಂಚೆಚೀಟಿ ಹಚ್ಚಿಲ್ಲ. ಬರೆದಾದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿಕೊಂಡಿದ್ದೇನೆ. ಒಳಗೆ ತಲುಪಿರಬೇಕು.