ಹತ್ತೊಂಬತ್ತು ಪಾತ್ರೆಗಳ ಪಾಪನಿವೇದನೆ

ಆರ್ಡಿಸ್ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಎಪ್ಪತ್ತೊಂಬತ್ತು ವರ್ಷ, ಹೃದಯದ ಕಾಯಿಲೆ. ಅಯೋವಾದ ಒಂದು ಪುಟ್ಟ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿರುವ ಅಡುಗೆಮನೆಯನ್ನು ನಲವತ್ತು ವರ್ಷ ಆಳಿದವಳು. ಆ ಅವಧಿಯಲ್ಲಿ ಆರು ಜನ ಪಾದ್ರಿಗಳು ಬಂದು ಹೋದರು. ಕಾಫಿ ಎಷ್ಟು ತೆಳ್ಳಗಿರಬೇಕು ಎಂಬ ವಿಚಾರದಲ್ಲಿ ಒಬ್ಬರ ಮಾತೂ ನಡೆಯಲಿಲ್ಲ.

ಜೀವದ ಗೆಳತಿ ಲವೋನ್‌ಗೆ ಅಳಲು ಪುರುಸೊತ್ತು ಸಿಗಲಿಲ್ಲ. ಬುಧವಾರ ಆರ್ಡಿಸ್‌ಳ ಗಂಡ ಓರ್ವಿಲ್ ಫೋನ್ ಮಾಡಿದ.

"ಲವೋನ್, ಸ್ವಲ್ಪ ಬಂದು ಹೋಗ್ತೀಯಾ? ಅವಳ ಬೀರು ತೆಗೆದೆ. ತೆಗೀಬಾರದಿತ್ತು."

ಬೀರುವಿನಲ್ಲಿ ಹತ್ತೊಂಬತ್ತು ಗಾಜಿನ ಬೇಕಿಂಗ್ ಪಾತ್ರೆಗಳಿದ್ದವು. ಒಂದೊಂದರ ಬುಡಕ್ಕೂ ಕಾಗದದ ಟೇಪು, ಟೇಪಿನ ಮೇಲೆ ಯಾರದೋ ಹೆಸರು. ಒಂದರ ಮೇಲೂ ಆರ್ಡಿಸ್ ಎಂದಿರಲಿಲ್ಲ.

ಕಾಯಿಲೆಯಾಗಲಿ, ಹೆರಿಗೆಯಾಗಲಿ, ನೆರೆಹೊರೆಯವರು ಇಂಥ ಪಾತ್ರೆಯಲ್ಲಿ ಬಿಸಿ ಊಟ ತಂದುಕೊಡುವುದು ಆ ಊರಿನ ರೀತಿ. ಅದನ್ನು ಖಾಲಿ ಹಿಂದಿರುಗಿಸುವುದು ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ. ಏನಾದರೂ ತುಂಬಿಯೇ ಕೊಡಬೇಕು.

"ಏನಾದ್ರೂ ಮಾಡಿ ಕೊಡ್ತೀನಿ, ಮಾಡಿ ಕೊಡ್ತೀನಿ ಅಂತಾನೇ ಇದ್ದಳು," ಎಂದ ಓರ್ವಿಲ್. "ನನ್ನ ಪಿತ್ತಕೋಶ ತೆಗೆಸಿದಾಗಿನಿಂದ."

"ಅದಾಗಿ ಹನ್ನೊಂದು ವರ್ಷ ಆಯ್ತಲ್ಲ, ಓರ್ವಿಲ್."

"ಚರ್ಚಿನ ಕೆಲಸ ಜಾಸ್ತಿ ಇತ್ತು."

ಲವೋನ್ ಬೀರುವಿನ ಮುಂದೆಯೇ ಕುಕ್ಕರಿಸಿದಳು. ಪಾತ್ರೆಗಳು ಮಾಯವಾಗುತ್ತಿರುವ ಬಗ್ಗೆ ಚರ್ಚಿನ ಮಹಿಳಾ ಸಂಘ ಎರಡು ಬಾರಿ ಗಂಭೀರ ಠರಾವು ಮಾಡಿತ್ತು, ವಿಚಾರಣಾ ಸಮಿತಿಯನ್ನೂ ನೇಮಿಸಿತ್ತು. (ಅಧ್ಯಕ್ಷೆ: ಆರ್ಡಿಸ್. ಕಾಫಿಯೂ ಅವಳದೇ.)

ಶನಿವಾರ ಶವಸಂಸ್ಕಾರ. ಸಂತಳಂತೆ ಬಾಳಿದವಳು ಪಾತ್ರೆಗಳ್ಳಿಯಾಗಿ ಮಣ್ಣು ಸೇರಬಾರದು ಎಂದು ಲವೋನ್ ತೀರ್ಮಾನಿಸಿದಳು. ಹತ್ತೊಂಬತ್ತನ್ನೂ ತುಂಬಿಸಿ ಅಂದು ಚರ್ಚಿನಲ್ಲೇ ನಡೆಯುವ ಊಟದ ಮೇಜಿನ ಮೇಲೆ ಸದ್ದಿಲ್ಲದೆ ಇಟ್ಟುಬಿಟ್ಟರೆ, ಅವರವರ ಪಾತ್ರೆ ಅವರವರ ಮನೆ ಸೇರುತ್ತದೆ, ಕೇಳುವವರಿಲ್ಲ. ಎರಡು ದಿನ ಅವಳು ಆಲೂಗಡ್ಡೆ ಸುಲಿದಳು, ಮಾಂಸ ಹುರಿದಳು, ಚೀಸ್ ತುರಿದಳು. ಗೆಳತಿಗಾಗಿ ಬಂದ ಕಣ್ಣೀರು ಯಾವುದು, ಈರುಳ್ಳಿಯದು ಯಾವುದು ಎಂದು ಅವಳಿಗೇ ತಿಳಿಯದ ಹಾಗಾಯಿತು.

ಶನಿವಾರ ಎಲ್ಲರಿಗಿಂತ ಮೊದಲು ಚರ್ಚಿಗೆ ಹೋಗಿ, ಕಾರಿನಿಂದ ಕೊನೆಯ ಪಾತ್ರೆಯನ್ನು ತಂದು ನೆಲಮಾಳಿಗೆಯ ಮೇಜಿನ ಮೇಲೆ ಇಡುವ ಹೊತ್ತಿಗೆ ಮಹಿಳಾ ಸಂಘದ ಕೊರಿನ್ ಪ್ರತ್ಯಕ್ಷಳಾದಳು. ಹಿಂದೆಯೇ ಸಂಘದ ಇನ್ನಿಬ್ಬರು. ಆ ಊರಿನವರು ಮೊದಲು ಪಾತ್ರೆಯ ಬುಡ ನೋಡುತ್ತಾರೆ, ಒಳಗೇನಿದೆ ಎಂಬುದು ಆಮೇಲೆ. ಕೊರಿನ್ ಬಿಸಿ ಪಾತ್ರೆಯನ್ನು ಬರಿಗೈಯಿಂದಲೇ ಎತ್ತಿ ಬಗ್ಗಿ ನೋಡಿದಳು.

"ಇದು ನಂದು. ಎಂಟು ವರ್ಷ ಆಯ್ತು ಕಣೇ."

"ಇದು ನಮ್ಮತ್ತೇದು," ಎಂದಳು ಇನ್ನೊಬ್ಬಳು. "ಇದಕ್ಕೋಸ್ಕರ ನಾದಿನಿ ಜೊತೆ ಮಾತು ಬಿಟ್ಟಿದ್ದೀನಿ ನಾನು."

ಮೂವರೂ ಲವೋನ್‌ಳನ್ನೇ ನೋಡಿದರು. ಮೇಲಿನಿಂದ ಆರ್ಗನ್ ಅಭ್ಯಾಸ ಕೇಳಿಸುತ್ತಿತ್ತು. ಅಲ್ಲೇ ಶವಪೆಟ್ಟಿಗೆಯಲ್ಲಿ ಆರ್ಡಿಸ್, ನೀಲಿ ಉಡುಪಿನಲ್ಲಿ, ಏನೂ ಅರಿಯದವಳಂತೆ ಮಲಗಿದ್ದಳು. ಒಂದು ಹೆಸರು ಹೇಳಿದ್ದರೆ ಸಾಕಿತ್ತು.

"ನನ್ನ ಹತ್ರಾನೇ ಇದ್ವು," ಎಂದಳು ಲವೋನ್.

"ಎಲ್ಲಾನೂ?"

"ಹತ್ತೊಂಬತ್ತೂ. ಗಾಜಿನ ಪಾತ್ರೆ ಕಂಡರೆ ನನಗೆ ಕೈ ತಡೆಯಲ್ಲ."

ಹುತಾತ್ಮರಿಗೆ ಒಳಗೊಳಗೇ ಎಂಥ ಸುಖವಿರುತ್ತದೆಂದು ಲವೋನ್‌ಗೆ ಎಪ್ಪತ್ತೇಳನೆಯ ವಯಸ್ಸಿನಲ್ಲಿ ತಿಳಿಯಿತು. ಬೈಗುಳಕ್ಕೆ ತಲೆಬಾಗಿ ನಿಂತಳು. ಕೊರಿನ್ ಬೈಯಲಿಲ್ಲ, ಬೆನ್ನು ತಟ್ಟಿದಳು.

"ಹೋಗ್ಲಿ ಬಿಡು. ನಮಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಸೋಮವಾರ ಸಂಜೆ ಆರ್ಡಿಸ್ ಆಸ್ಪತ್ರೆಯಿಂದ ಫೋನ್ ಮಾಡಿದ್ದಳು. ನಮ್ಮೆಲ್ಲರಿಗೂ, ಒಬ್ಬೊಬ್ಬರಿಗೇ. ಉಸಿರು ಸಿಕ್ತಿರಲಿಲ್ಲ ಪಾಪ. 'ನಿಮ್ಮ ಪಾತ್ರೆ ಲವೋನ್ ಹತ್ರ ಇದೆ, ನನ್ನ ಶವಸಂಸ್ಕಾರದ ದಿನ ತುಂಬಿಸಿಯೇ ತರ್ತಾಳೆ, ಅವಳಿಗೆ ಒಂದು ಮಾತೂ ಅನ್ನಬೇಡಿ' ಅಂದಳು. ಹತ್ತೊಂಬತ್ತನೇ ಫೋನು ನಂದು. ನನಗೆ ಹೇಳಿ, ದೀಪ ಆರಿಸು ಅಂತ ನರ್ಸಿಗೆ ಹೇಳಿದಳು."