ಜಾಗೀರದಾರ್ರ ಬಂದೂಕಿನ ಬಾಯಿ

ಬೀದರದ ನಮ್ಮ ಓಣ್ಯಾಗ ಬಾವಿ ಬತ್ತಿದ ವರ್ಷ ಉಂಟು, ಸುದ್ದಿ ಬತ್ತಿದ ದಿನ ಇಲ್ರಿ. ನಾ ಯಾರ ಮನಿ ಸುದ್ದಿನೂ ಹುಡುಕ್ಕೊಂಡು ಹೋದಾಕಿ ಅಲ್ಲ. ನನ್ನ ಅಡಗಿಮನಿ ಬೆಳಕಿಂಡಿ ಜಾಗೀರದಾರ್ರ ಅಂಗಳಕ್ಕ ಮುಖ ಮಾಡಿತ್ತು, ಅದಕ್ಕ ನಾ ಏನ ಮಾಡ್ಲಿ? ನಿಜಾಮರ ರಾಜ್ಯ ಇದ್ದಾಗಿನ ಮಾತಿದು. ಆ ಜಾಗೀರದಾರ್ರು, ಭಾಲ್ಕಿಯಿಂದ ಬಂದಾಕಿ ಅಂತ ಓಣಿ ಮಂದಿ ಭಾಲ್ಕಿ ಬಾಯಿ ಅಂತಿದ್ದ ಅವರ ಹೆಂಡತಿ, ಆಕಿ ತವರಮನಿ ಬಂದೂಕು, ಈ ಮೂರೂ ಸೇರಿ ಓಣಿ ಮಂದಿನ್ನ ನಗಿಸಿದ್ದು ಅಷ್ಟಿಷ್ಟಲ್ಲ.

ಮಣ್ಣಿನ ಹಕ್ಕಿ

ಬಂದೂಕು ಭಾಲ್ಕಿ ಬಾಯಿ ಅಪ್ಪಂದು. ಎರಡು ನಳಿಗಿದು, ವಿಲಾಯತಿ ಮಾಲು. ಹೊಲಕ್ಕ ಬರೋ ಹಂದಿ ಬೆದರಸ್ಲಾಕ ಇಟ್ಕೊಂಡಿದ್ದ, ಮಗಳ ಲಗ್ನದಾಗ ಅದನ್ನೂ ಕೊಟ್ಟು ಕಳಿಸಿದ. ಅಳಿಯಗ ಬೇಟಿ ಹುಚ್ಚು ಹತ್ತಿತು. ಮಠದ ಅಯ್ಯನವರು ಕರದು, “ಕೊರಳಾಗ ಲಿಂಗ, ಕೈಯಾಗ ಬಂದೂಕು. ಎರಡ್ರಾಗ ಒಂದು ಕೆಳಗಿಡ್ರಿ,” ಅಂದ್ರು. ಬಂದೂಕು ಗ್ವಾಡಿಗಿ ಹೋತು.

ಆಮ್ಯಾಲ ಜಾಗೀರದಾರ್ರು ಹೈದರಾಬಾದಿಗಿ ಹೋಗಿ ಬಂದ್ರು. ಅಲ್ಲಿ ಸಾಹೇಬ ಮಂದಿ ಮಣ್ಣಿನ ತಟ್ಟಿ ಮ್ಯಾಲ ಹಾರಿಸಿ ಅದಕ್ಕ ಗುಂಡು ಹೊಡೀತಾರಂತ. ಜೀವಿಲ್ಲ, ಪಾಪಿಲ್ಲ. ಅಯ್ಯನವರು ಭಾಳೊತ್ತು ವಿಚಾರ ಮಾಡಿ, “ಹೊಡ್ಕೋರಿ. ಪೂಜಿ ಹೊತ್ತಿಗಿ ಸಪ್ಪಳ ಮಾಡಬ್ಯಾಡ್ರಿ,” ಅಂದ್ರು.

ಓಣಿ ಕುಂಬಾರಗ ತಟ್ಟಿ ಮಾಡ್ಲಾಕ ಹೇಳಿದ್ರು. ಅಂವ ಜಾಗೀರದಾರ್ರ ಮನಿ ಕೆಲಸ ಅಂತ ಮನಸಿಟ್ಟು ಮಾಡಿ, ಕೆಂಪಗ ಸುಟ್ಟು ತಂದ. ಬಂದೂಕಿನ ಛರ್ರಾ, ಅಂದ್ರ ಕಾಳಿನಂಥ ಸಣ್ಣ ಗುಂಡು, ಬಡದ್ರ ತಟ್ಟಿ ಟಣ್ ಅಂತಿತ್ತು, ನೆಲಕ್ಕ ಬಿದ್ದು ಉರುಳ್ತಿತ್ತು, ಒಡೀತಿದ್ದಿಲ್ಲ.

“ಯಾಕಲೇ, ಇವು ಒಡೀವಲ್ಲವು?”

“ನನ್ನ ಕೈಯಾನ ಗಡಿಗಿ ಒಡೀತಾವಂತ ಅಂದವ್ರ್ಯಾರ್ರಿ? ನಮ್ಮಪ್ಪ ಮಾಡಿದ ಹರವಿ ಇನ್ನಾ ನಿಮ್ಮ ಬಚ್ಚಲದಾಗ ಕುಂತದ.”

“ಮಾರಾಯ, ಇವು ಒಡೀಬೇಕೋ! ಒಡೀಲಾಕ ಅಂತನೇ ಮಾಡಿಸಿದ್ದು!”

ಕುಂಬಾರ ಮೋತಿ ಸಣ್ಣ ಮಾಡ್ಕೊಂಡು ಅಂದ: “ಅದಕ್ಕ ಗುಂಡ್ಯಾಕ್ರಿ ಸುಮ್ನ ದಂಡ? ನಿಮ್ಮ ಅಡಗಿಯಾಕಿ ಕೈಯಾಗ ಕೊಡ್ರಿ. ಆಕಿ ಕೈಯಾಗ ಉಳದ ಗಡಿಗಿ ಇನ್ನಾ ನಾ ನೋಡಿಲ್ಲ.”

ಭಾವನ ಮುಂದ ಬಡಾಯಿ

ಅತ್ತುಗೊಂತ ಅರೆಬರೆ ಸುಟ್ಟ ತಟ್ಟಿ ಮಾಡಿ ಕೊಟ್ಟ ಕುಂಬಾರ. ಅವು ಒಡಿಯೂ ಅಂಥವು ಇದ್ದವು, ಆದ್ರ ಜಾಗೀರದಾರ್ರ ಗುರಿ ತಾಗಬೇಕಲ್ಲ? ತಟ್ಟಿ ಒಂದು ದಿಕ್ಕು, ಛರ್ರಾ ಒಂದು ದಿಕ್ಕು. ಇಷ್ಟಿದ್ದೂ ಜಾಗೀರದಾರ್ರ ಬಾಯಿ ಸುಮ್ನಿರಬೇಕೋ ಬ್ಯಾಡೋ? ಜಾಗೀರದಾರ್ರ ಅಕ್ಕನ್ನ ಔರಾದಿಗಿ ಕೊಟ್ಟಿತ್ತು. ಆ ಭಾವನೂ ಬಂದೂಕಿನ ಮನಷ್ಯಾ. ಊಟಕ್ಕ ಕುಂತಾಗ ಮಾತಿಗಿ ಮಾತು ಬೆಳದು, ಹೋಳಿಗಿ ತಟ್ಟ್ಯಾಗನೇ ಉಳೀತು, ಪಣ ಕಟ್ಟೇ ಬಿಟ್ರು. ಜಿಲ್ಲಾದ ದೊಡ್ಡ ಅಧಿಕಾರಿ ತಾಲೂಕದಾರ ಸಾಹೇಬ್ರ ಮುಂದ ಇಬ್ರೂ ಹೊಡೀಬೇಕು. ಸೋತವ್ರ ಬಂದೂಕು ಗೆದ್ದವ್ರಿಗಿ.

ಭಾವ ಹೋದ ಮ್ಯಾಲ ಭಾಲ್ಕಿ ಬಾಯಿ ಪಡಸಾಲಿಗಿ ಬಂದ್ಳು. ನಾ ಬೆಳಕಿಂಡಿ ಹತ್ರ ಬ್ಯಾಳಿ ಆರಸ್ಲತ್ತಿದ್ದೆ.

“ನಮ್ಮಪ್ಪನ ಬಂದೂಕು ಔರಾದಿಗಿ ಹೋದ ದಿನ ನಾ ಭಾಲ್ಕಿಗಿ ಹೋಗ್ತೇನಿ,” ಅಂದ್ಳು.

“ಯಾಕ ಹಂಗಂತಿ? ನಾ ಸೋಲ್ತೀನೇನು?”

“ಏನಿಲ್ರಿ. ಎರಡೂ ಒಂದೇ ದಿನ ಹೋದ್ರ ನಿಮಗ ಎರಡು ಸಲ ಅಳೋದು ತಪ್ತದ.”

ಬಾಯಿ ಸಡಿಲ ಮಾಡೋದು

ಜಾಗೀರದಾರ್ರಿಗಿ ನಿದ್ದಿ ಹಾರಿತು. ಹೈದರಾಬಾದಿನಿಂದ ಬಂದ ಬಂದೂಕು ರಿಪೇರಿ ಮಿಯಾ ಒಬ್ಬ ನಳಿಗ್ಯಾಗ ಬೆರಳು ಹಾಕಿ ನೋಡಿ ಅಂದ: “ಇದರ ಬಾಯಿ ಬಿಗಿ ಅದ ಸಾಹೇಬ್. ತುದಿಗಿ ಬರೋದ್ರಾಗ ನಳಿಗಿ ಸಣ್ಣ ಆಗ್ತದ, ಛರ್ರಾ ಎಲ್ಲಾ ಮುಟಗಿ ಹಿಡದಂಗ ಒಂದೇ ಕಡಿ ಹೋಗ್ತದ. ದೂರದ ಹಂದಿಗಿ ಚಲೋ. ಹತ್ರದ ತಟ್ಟಿಗಿ ಬಾಯಿ ಈಟು ಸಡಿಲ ಬೇಕು. ಒಳಗ ಒಂಚೂರು ಹೆರೀಬೇಕು. ಒಂಚೂರೇ.”

ಅಷ್ಟು ಹೇಳಿ ಮಿಯಾ ತನ್ನ ಊರಿಗಿ ಹೋದ. ಜಾಗೀರದಾರ್ರು ಬಂದೂಕು ಒಯ್ದು ಕೊಟ್ಟಿದ್ದು ಯಾರಿಗಿ? ಬಿದ್ರಿ ಹುಕ್ಕಾ, ಪಾನದಾನ ಮಾಡೋ ಉಸ್ತಾದಗ. ನಮ್ಮ ಬೀದರದಾಗ ಲೋಹ ಅಂದ್ರ ಅವ್ರೇ ಅಲ್ರಿ. ಹೆರದೂ ಹೆರದೂ ಕೈ ಪಳಗಿದಂವ. ಆದ್ರ ಆ ಕೈಗಿ ಒಂದು ರೋಗಿತ್ತು, ಸುರು ಮಾಡಿದ್ರ ನಿಲ್ತಿದ್ದಿಲ್ಲ. ಒಳಗ ಹೆರದ, ಹೊರಗ ಬೋಳು ಕಾಣ್ತದಂತ ನಳಿಗಿ ತುದಿಗಿ ಬೆಳ್ಳಿ ಬಳ್ಳಿ ಕೂಡಿಸಿದ. ಬಳ್ಳಿಗಿ ಹೂವು, ಹೂವಿಗಿ ಮೊಗ್ಗಿ. ಆಮ್ಯಾಲ ಬಿದ್ರಿ ಮಾಲಿಗಿ ಮಾಡಿದಂಗ ಕಿಲ್ಲೇದ ಮಣ್ಣು ತಿಕ್ಕಿ ಕರ್ರಗ ಮಾಡಿ ತಂದ.

“ಬಾಯಿ ಎಷ್ಟು ಸಡಿಲಾತು ಉಸ್ತಾದ್?” ಅಂದ್ರ,

“ಅದು ಬಿಡ್ರಿ ಸಾಹೇಬ್, ಮೊಗ್ಗಿ ನೋಡ್ರಿ!”

ಜರಡಿ

ಎಷ್ಟು ಸಡಿಲಾತಂತ ನೋಡ್ಲಾಕ ಒಂದು ಉಪಾಯ ಅದ. ಬಿಳಿ ಬಟ್ಟಿ ಕಟ್ಟಿ ಹೊಡೀಬೇಕು, ತೂತು ಹ್ಯಾಂಗ ಹರಡ್ತಾವಂತ ನೋಡಬೇಕು. ಭಾಲ್ಕಿ ಬಾಯಿ ಗುಡಿಗಿ ಹೋದಾಗೆಲ್ಲ ಜಾಗೀರದಾರ್ರು ಹಿತ್ತಲದಾಗ ಹಾಸಿಗಿ ಚಾದರ ಕಟ್ಟೋರು, ಢಂ ಅನ್ನಿಸೋರು. “ಇನ್ನೊಂದೀಟು ಹೆರಿ ಉಸ್ತಾದ್!” ಉಸ್ತಾದಗೇನು, ಹಬ್ಬ. ಮತ್ತ ಹೆರದ. ಮತ್ತ ಚಾದರ. ಮದಲ ಮುಟಗಿ ಅಷ್ಟಿದ್ದ ತೂತಿನ ಗುಂಪು ಹಿಟ್ಟು ನಾದೋ ಪರಾತದಷ್ಟಾತು, ಆಮ್ಯಾಲ ಚಾದರದ ಈ ಅಂಚಿನಿಂದ ಆ ಅಂಚಿನ ತನಕ ಜ್ವಾಳಾ ಬಿತ್ತಿದಂಗಾತು. ಬಂದೂಕಿನ ಬಾಯಿ ದೊಡ್ಡದಾದಷ್ಟು ಚಲೋ ಅಂತ ತಿಳಕೊಂಡಿದ್ರು ಜಾಗೀರದಾರ್ರು. ಅವರ ಸ್ವಂತ ಬಾಯೀನೂ ಹಂಗೇ ಇತ್ತು, ಬಿಡ್ರಿ. ಹೊಡದ ಚಾದರ ಮಡಚಿ ಮತ್ತ ಪೆಟ್ಟಿಗ್ಯಾಗ ಇಡ್ತಿದ್ರು, ಹೆಂಡತಿಗಿ ಗೊತ್ತಾಗಬಾರದಂತ.

ಪಣದ ಮುಂಚಿನ ದಿನ ಔರಾದದ ಭಾವ ಬಂದ್ರು. ಆಳು ಪೆಟ್ಟಿಗಿ ತಗದು ಚಾದರ ಹಾಸಿದ. ಮುಂಜಾನೆ ಭಾವ ಮೈ ಕೆರಕೊಂತ ಎದ್ದು ಭಾಲ್ಕಿ ಬಾಯಿಗಿ ಕೇಳಿದ್ರು:

“ಯಾಕ್ರಿ, ನಿಮ್ಮ ಮನ್ಯಾಗ ಬೀಗರಿಗಿ ಜರಡ್ಯಾಗ ಹಾಕಿ ಸೋಸ್ತೀರೇನು?”

ಬಾಯಿ ಗಂಡನ ಕಡಿ ನೋಡಿದ್ಳು. “ಸೋಸಿ ನೋಡ್ತೇವ್ರಿ,” ಅಂದ್ಳು, “ಕಲ್ಲು ಯಾವುದು, ಕಾಳು ಯಾವುದು ಅಂತ.”

ಪಣ

ಕಿಲ್ಲೇದ ಹೊರಗಿನ ಬೈಲಾಗ ಡೇರೆ ಹಾಕಿತ್ತು. ತಾಲೂಕದಾರ ಸಾಹೇಬ್ರು ಕುರ್ಚಿ ಮ್ಯಾಲ. ಭಾಲ್ಕಿ ಬಾಯಿ ಪಡದಾ ಬಿಟ್ಟ ಎತ್ತಿನ ಛಕಡ್ಯಾಗ, ಆಕಿ ಬಾಜೂಕ ನಾನು. ಛಕಡ್ಯಾಗ ಆಕಿ ಟ್ರಂಕೂ ಇತ್ತು. “ಇದ್ಯಾಕ್ರಿ?” ಅಂದೆ. “ಭಾಲ್ಕಿ ಹಾದಿ ಈ ಕಡಿನೇ ಅಲ್ಲೇನ?” ಅಂದ್ಳು.

ತಟ್ಟಿ ಹಾರಸ್ಲಾಕ ಕವಣಿಯಂವ ಒಬ್ಬ ತೆಗ್ಗಿನಾಗ ಕುಂತಿದ್ದ. ಭಾವ ಒಂದು ಒಡದ್ರ ಇವ್ರೂ ಒಂದು ಒಡದ್ರು, ಅವ್ರು ಒಂದು ತಪ್ಪಿಸಿದ್ರ ಇವ್ರೂ ತಪ್ಪಿಸಿದ್ರು. ಸಮಾ ಸಮಾ. ಕುಂಬಾರ ಒಂದೊಂದು ತಟ್ಟಿ ಚೂರಾದಾಗೂ ಹೆಣ ಮುಂದ ಇಟ್ಕೊಂಡವ್ರಂಗ ಕಣ್ಣು ಒರಸ್ಕೊಂತಿದ್ದ. ಕಡೀ ತಟ್ಟಿ ಭಾವ ಒಡದ್ರು. ಇನ್ನ ಜಾಗೀರದಾರ್ರದು ಒಂದೇ ಉಳದಿತ್ತು.

ತಟ್ಟಿ ಹಾರಿತು. ಢಂ!

ಅಷ್ಟು ಸಡಿಲ ಬಾಯಿ. ಛರ್ರಾ ಊರೆಲ್ಲಾ ಹರಡಿತು. ಡೇರೆ ಮ್ಯಾಲ ಪಟಪಟ ಬಿತ್ತು, ಕವಣಿಯಂವನ ನೀರಿನ ತತ್ರಾಣಿ ಒಡೀತು, ಬೇವಿನ ಗಿಡದ ಎಲಿ ಉದುರಿದವು. ತಟ್ಟಿ ಒಂದು ಮಾತ್ರ ಛರ್ರಾದ ನಡುವಿನ ಸಂದಿಯಾಗ ಹಾದು, ಹೂವಿನಂಗ ಬಂದು ಹುಲ್ಲಿನ್ಯಾಗ ಕುಂತಿತು. ಕುಂಬಾರ ಓಡಿ ಹೋಗಿ ಎದಿಗಿ ಅಪ್ಪಿಕೊಂಡ. “ಸಾಹೇಬ್ರ, ನೋಡ್ರಿ! ಒಂದರೆ ಬದಕೀತು!”

ಭಾವ ಮೀಸಿ ತಿರುವಿ ಕೈ ಚಾಚಿದ್ರು: “ತಾ, ಬಂದೂಕು.”

ಆಗ ಪಡದಾ ಸರೀತು. ಬಾಯಿ ಸೆರಗು ಹೊಚಕೊಂಡು ಇಳದ್ಳು.

“ಸಾಹೇಬ್ರ, ಒಂದು ಮಾತು. ಬಂದೂಕು ನಮ್ಮಪ್ಪಂದು, ನನಗ ಕೊಟ್ಟಿದ್ದು. ನಾ ಪಣ ಕಟ್ಟಿಲ್ಲ. ಕಟ್ಟಿದವ್ರು ಇವ್ರು, ಸೋತವ್ರೂ ಇವ್ರು. ನ್ಯಾಯ ಅಂದ್ರ ನ್ಯಾಯ. ಬಂದೂಕು ಇಲ್ಲಿ ಬಿಡ್ರಿ, ಇವರನ್ನ ಔರಾದಿಗಿ ಒಯ್ರಿ.”

ತಾಲೂಕದಾರ ಸಾಹೇಬ್ರು ನಕ್ಕು ನಕ್ಕು ಕುರ್ಚಿಯಿಂದ ಜಾರಿದ್ರು. “ಬರಾಬರ್!” ಅಂದ್ರು. ಸಾಹೇಬ್ರ ಮಾತು ಮೀರ್ಲಾಕ ಆಗ್ತದೇನ್ರಿ? ಜಾಗೀರದಾರ್ರನ್ನ ಭಾವನ ಬಂಡ್ಯಾಗ ಕೂಡಿಸಿದ್ರು. ಟ್ರಂಕೂ ಆ ಬಂಡಿಗೇ ಏರಿತು. ಅದರಾಗ ಬಾಯಿ ಸೀರಿ ಇದ್ದಿಲ್ರಿ, ಗಂಡನ ಧೋತ್ರ, ಅಂಗಿ, ಹಲ್ಲುಪುಡಿ ಎಲ್ಲಾ ಮಡಚಿ ಇಟ್ಟಿತ್ತು. ಗಂಡನ ಗುರಿ ಆಕಿಗಿ ಮದಲೇ ಗೊತ್ತಿತ್ತು.

ಮುಂದಿನ ಸಂತಿಗಿ ಔರಾದದಿಂದ ಬಂಡಿ ತಿರುಗಿ ಬಂತು, ಒಳಗ ಜಾಗೀರದಾರ್ರೂ ಟ್ರಂಕೂ. ಬಾಗಲಾಗ ನಿಂತು ಬಂಡಿಯಂವ, ಜಾಗೀರದಾರ್ರ ಅಕ್ಕ ಹೇಳಿ ಕಳಿಸಿದ ಮಾತು ಒಪ್ಪಿಸಿದ:

“ಬಾಯೀ, ನಿಮ್ಮ ಮಾಲು ನಿಮಗೇ ಇರಲಿ ಅಂದಾರ್ರಿ. ಬಂದೂಕು ಆದ್ರ ಗ್ವಾಡಿಗಿ ತೂಗ ಹಾಕಬಹುದು, ಇದು ದಿನಾ ಮೂರು ಸಲ ಉಣ್ತದಂತ.”